ಹೊಸ ರಿಮೋಟ್ ಕೀ ಕಲಿಸುವ ಮುನ್ನ ಹಳೆಯವನ್ನೂ ಹುಡುಕಿಟ್ಟುಕೊಳ್ಳಿ

ಹೊಸ ರಿಮೋಟ್ ಕೀ ತಂದು ಬಟನ್ ಒತ್ತಿದ ಮಾತ್ರಕ್ಕೆ ಕಾರಿನ ಬಾಗಿಲು ತೆರೆಯುವುದಿಲ್ಲ. ಅದರ ಗುರುತನ್ನು ಮೊದಲು ಕಾರಿಗೆ ಕಲಿಸಬೇಕು. ಸಾಮಾನ್ಯವಾಗಿ ಆ ಕೀಲಿಯೊಳಗೆ ಎರಡು ಬೇರೆ ವ್ಯವಸ್ಥೆಗಳಿರುತ್ತವೆ. ಸೆಲ್ ಬಲದಿಂದ ಬಾಗಿಲು ತೆರೆಯುವುದು ರಿಮೋಟ್. ಎಂಜಿನ್ ಚಾಲೂ ಆಗಲು ಒಪ್ಪಿಗೆ ಕೊಡುವುದು ಇಮೊಬಿಲೈಸರ್ ಚಿಪ್. ಅದಕ್ಕೆ ಸೆಲ್ ಬೇಡ, ಇಗ್ನಿಷನ್ ಸುತ್ತಲಿನ ಕಾಯಿಲ್‌ನಿಂದಲೇ ಶಕ್ತಿ ಸಿಗುತ್ತದೆ. ಮನೆಯಲ್ಲೇ ಕಲಿಸಲು ಆಗುವುದು ಹೆಚ್ಚಾಗಿ ರಿಮೋಟನ್ನು ಮಾತ್ರ, ಅದೂ ಕೀ ತಿರುಗಿಸುವ ಹಳೆಯ ಮಾದರಿಗಳಲ್ಲಿ. ಬಾಗಿಲು ತೆರೆದು ಎಂಜಿನ್ ಚಾಲೂ ಆಗದಿದ್ದರೆ ಚಿಪ್ ಕಲಿಸಿಲ್ಲ ಎಂದೇ ಮೊದಲು ಅನುಮಾನಿಸಿ. ಪುಶ್ ಬಟನ್ ಸ್ಟಾರ್ಟ್ ಕಾರುಗಳಿಗೆ ಸಾಮಾನ್ಯವಾಗಿ ಒಬಿಡಿ ಪೋರ್ಟಿಗೆ (ಕಾರಿನ ದೋಷ ಪರೀಕ್ಷಿಸಲು ಇರುವ ಸಾಕೆಟ್) ಜೋಡಿಸುವ ಸ್ಕ್ಯಾನರ್ ಬೇಕೇ ಬೇಕು.

ಕೊಳ್ಳುವಾಗ ಹೊರಗಿನ ಆಕಾರ ನೋಡಿ ಮೋಸಹೋಗಬೇಡಿ. ಹಳೆಯ ಕೀಲಿಯ ಹಿಂಬದಿಯಲ್ಲೋ ಒಳಗಿನ ಬೋರ್ಡಿನ ಮೇಲೋ ಇರುವ ಪಾರ್ಟ್ ನಂಬರ್ ತಾಳೆಯಾಗಬೇಕು, ಫ್ರೀಕ್ವೆನ್ಸಿಯೂ ಒಂದೇ ಆಗಿರಬೇಕು. 315 ಮೆಗಾಹರ್ಟ್ಸ್ ಕೀಲಿಯನ್ನು 433.92ರ ಕಾರಿಗೆ ಎಷ್ಟು ಸಲ ಕಲಿಸಿದರೂ ಅದು ಕೇಳಿಸಿಕೊಳ್ಳುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೀಗಳಲ್ಲಿ ಕೆಲವು ಮೊದಲಿನ ಕಾರಿಗೇ ಲಾಕ್ ಆಗಿರುತ್ತವೆ. ಅಗ್ಗವೆಂದು ತಂದರೆ ಹಣ ದಂಡ.

ಕ್ರಮ ಕಾರಿನಿಂದ ಕಾರಿಗೆ ಬೇರೆ, ಹಾಗಾಗಿ ನಿಮ್ಮ ಮಾದರಿಯ ಮ್ಯಾನ್ಯುಯಲ್ ನೋಡಿಕೊಳ್ಳಿ. ಹಳೆಯ ಹಲವು ಹೋಂಡಾಗಳಲ್ಲಿ ಹೀಗೆ: ಬಾಗಿಲೆಲ್ಲ ಮುಚ್ಚಿ, ಕೀ ತಿರುಗಿಸಿ ಆನ್‌ಗೆ ತಂದು ರಿಮೋಟಿನ ಲಾಕ್ ಬಟನ್ ಒತ್ತಿ, ಆಫ್ ಮಾಡಿ. ಇದನ್ನೇ ಮೂರು ಸಲ ಮಾಡಿ. ನಾಲ್ಕನೆಯ ಸಲ ಆನ್ ಮಾಡಿ ಲಾಕ್ ಒತ್ತಿದಾಗ ಬಾಗಿಲ ಲಾಕುಗಳು ಸದ್ದು ಮಾಡಿದರೆ ಕಾರು ಕಲಿಯಲು ಸಿದ್ಧ. ಆಗ ತಡಮಾಡದೆ ಪ್ರತಿ ರಿಮೋಟಿನ ಲಾಕ್ ಬಟನ್ ಒಂದೊಂದಾಗಿ ಒತ್ತಿ. ಪ್ರತಿಯೊಂದಕ್ಕೂ ಲಾಕ್ ಸದ್ದು ಬರಬೇಕು. ಹಳೆಯ ಫೋರ್ಡ್‌ಗಳಲ್ಲಿ ಹಲವಕ್ಕೆ 10 ಸೆಕೆಂಡಿನೊಳಗೆ ಆಫ್‌ನಿಂದ ಆನ್‌ಗೆ 8 ಸಲ ತಿರುಗಿಸಿ ಆನ್‌ನಲ್ಲೇ ನಿಲ್ಲಿಸಬೇಕು. ಇಲ್ಲಿ ಆನ್ ಎಂದರೆ ಎಂಜಿನ್ ಚಾಲೂ ಮಾಡುವುದಲ್ಲ. ಬಹುತೇಕ ಸೋಲುವುದು ವೇಗದಲ್ಲಿ: ಹಂತಗಳ ನಡುವೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಯೋಚಿಸುತ್ತಾ ಕೂತರೆ ಮೊದಲಿಂದ ಶುರು.

ಶೀರ್ಷಿಕೆಯ ಮಾತಿಗೆ ಕಾರಣ ಇಲ್ಲಿದೆ. ಕಲಿಕೆ ಶುರುವಾದೊಡನೆ ಎಷ್ಟೋ ಕಾರುಗಳು ಹಳೆಯ ರಿಮೋಟುಗಳ ಗುರುತನ್ನೆಲ್ಲ ಅಳಿಸಿಹಾಕುತ್ತವೆ. ಮನೆಯಲ್ಲಿ ಉಳಿದ ಎರಡನೆಯ ಕೀ ಸಂಜೆ ಕೆಲಸ ಮಾಡದಿದ್ದರೆ ಅದು ಕೆಟ್ಟಿಲ್ಲ, ಮರೆಯಲ್ಪಟ್ಟಿದೆ. ಎಲ್ಲವನ್ನೂ ಒಂದೇ ಬಾರಿಗೆ ಕಲಿಸಿ. ಕೀ ಕಳೆದುಹೋಗಿದ್ದರೆ ಈ ಅಳಿಸುವಿಕೆ ಅನುಕೂಲವೇ, ಸಿಕ್ಕವರು ಅದರ ಬಟನ್ ಒತ್ತಿ ಬಾಗಿಲು ತೆರೆಯಲಾರರು.

ಆದರೂ ಆಗದಿದ್ದರೆ ಮೊದಲು ಸೆಲ್ ನೋಡಿ. ಸಿಆರ್2032 ಬೇಕಾದ ಕಡೆ ಸಿಆರ್2025 ಹಾಕಿದರೆ ದಪ್ಪ 3.2ರ ಬದಲು 2.5 ಮಿಲಿಮೀಟರ್, ಸಡಿಲವಾಗಿ ಕೂತು ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತದೆ. ಕಾರಿನ ಬ್ಯಾಟರಿ ಸೊರಗಿದ್ದರೂ ಕಲಿಕೆ ಅರ್ಧಕ್ಕೇ ನಿಲ್ಲಬಹುದು. ಮಕ್ಕಳು ಕಾರಿನಿಂದ ದೂರದಲ್ಲಿ ಬಟನ್ ಒತ್ತಿ ಒತ್ತಿ ಆಡಿದ್ದರೆ, ಪ್ರತಿ ಒತ್ತಿಗೂ ಬದಲಾಗುವ ಕೋಡ್ ಕಾರಿನ ಎಣಿಕೆಯಿಂದ ಮುಂದೆ ಓಡಿರುತ್ತದೆ. ಅದಕ್ಕೆ ಮತ್ತೆ ಕಲಿಸಿದರೆ ಸಾಕು, ಹೊಸ ಕೀ ಬೇಡ.

ಇಷ್ಟೆಲ್ಲ ಮಾಡುವಾಗ ಚಾಲಕನ ಕಡೆಯ ಕಿಟಕಿಯ ಗಾಜು ಪೂರ್ತಿ ಇಳಿಸಿಡಿ. ಕೀಲಿ ಒಳಗಿರುವಾಗಲೇ ಕಾರು ತಾನಾಗಿ ಲಾಕ್ ಆಗುವುದು ಅಪರೂಪವೇನಲ್ಲ.