ಹಳೇ ಲ್ಯಾಪ್‌ಟಾಪ್ ಎಸೆಯಬೇಡಿ: ಮಳೆಗಾಲಕ್ಕೆ ಮೊದಲು ಲಿನಕ್ಸ್ ಹಾಕುವ ಬಗೆ

ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ), ಬಟವಾಡೆ, ಮಳೆ ಲೆಕ್ಕ, ಗೊಬ್ಬರದ ಸ್ಟಾಕು, ಕುಯ್ಲಿನ ಚೀಲ, ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತವೆ. ಇದೇ ಕೆಲಸ ಮಾಡುವ ಬೇರೆ ತೋಟದವರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ವಂತೆ. ಹೊಸ ಲ್ಯಾಪ್‌ಟಾಪ್ ತಗೋಬೇಕಾ?"

ಬೇಡ. ಇರುವುದರಲ್ಲೇ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ. ವಿಂಡೋಸ್ ಹಾಗೆಯೇ ಯಂತ್ರವನ್ನು ನಡೆಸುವ ತಂತ್ರಾಂಶ ಅದು, ಆದರೆ ಮುಕ್ತ, ಅಂದರೆ ಯಾರು ಬೇಕಾದರೂ ಬಳಸಬಹುದು, ಹಂಚಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ವಿಷಯ ಏನು ನೋಡೋಣ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ ಇದೆ, ಅಷ್ಟೇ. ವಿಂಡೋಸ್ 11ಕ್ಕೆ ಹೋಗಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು. ಪ್ರೊಸೆಸರ್ ಕೂಡ ಕಂಪನಿಯ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲೆ. ಅದಕ್ಕಿಂತ ಹಳೆಯ ಯಂತ್ರಗಳ ಕೀಬೋರ್ಡ್ ಸರಿ ಇರಲಿ, ಸ್ಕ್ರೀನ್ ಸರಿ ಇರಲಿ, ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಇಲ್ಲ. ಚೆಕ್‌ರೋಲ್ ಬರೆಯುವುದಕ್ಕೆ ಆ ಪ್ರೊಸೆಸರ್ ಧಾರಾಳ ಸಾಕು. ಚೆನ್ನಾಗಿ ನಡೆಯುತ್ತಿರುವ ಯಂತ್ರದ ಆಯಸ್ಸು ಮುಗೀತು ಅಂತ ಎಲ್ಲೋ ಕೂತವರು ತೀರ್ಮಾನ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅಪ್‌ಡೇಟ್ ಇಲ್ಲದ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದೂ ಸರಿಯಲ್ಲ. ಹಾಗಾಗಿ ಬದಲಾಯಿಸಬೇಕಾದ್ದು ಲ್ಯಾಪ್‌ಟಾಪನ್ನಲ್ಲ, ಒಳಗಿನ ತಂತ್ರಾಂಶವನ್ನು.

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ನಾನು ಹೇಳುವುದು ಲಿನಕ್ಸ್ ಮಿಂಟ್. ವಿಂಡೋಸ್ ಬಳಸಿದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಎಲ್ಲ ಅಲ್ಲಲ್ಲೇ ಇದೆ. ಇದರಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರವಾದ ಬಗೆ ಒಂದಿದೆ, 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪಿಗೆ ಅದನ್ನೇ ಹಾಕಿ. ಪ್ರೊಸೆಸರ್ 64 ಬಿಟ್ ಆಗಿರಬೇಕು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಒಳಗೆ ಇನ್ನೂ ಹಳೇ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ತೆಗೆಸಿ ಒಂದು 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಖರ್ಚು ಮಾಡುವುದಿದ್ದರೆ ಅದಕ್ಕೆ ಮಾಡಿ. ಯಂತ್ರ ಎಷ್ಟು ಚುರುಕಾಗುತ್ತದೆ ಅಂತ ನೀವೇ ನೋಡುತ್ತೀರಿ.

ಯಾವಾಗ ಮಾಡಬೇಕು? ಕುಯ್ಲು ಮುಗಿದು, ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದು, ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ. ಜೂನ್ ಶುರುವಾದರೆ ಕರೆಂಟಿನ ಭರವಸೆ ಇಲ್ಲ. ಮರ ಬಿದ್ದರೆ ಲೈನ್ ಹೋಯಿತು, ಟವರ್‌ನ ಬ್ಯಾಟರಿ ಮುಗಿದರೆ ನೆಟ್ ಹೋಯಿತು. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ ಸತ್ತಿರುತ್ತದೆ. ಇನ್‌ಸ್ಟಾಲ್ ಅರ್ಧದಲ್ಲಿರುವಾಗ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದಿದ್ದರೆ ಇನ್ವರ್ಟರ್ ಲೈನಿಗೆ ಹಾಕಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಚಾರ್ಜರ್, ಮೋಡೆಮ್ ಎರಡೂ ಕಿತ್ತಿಡಿ. ಕೆಲಸ ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು.

ಈಗ ಬಹಳ ಮುಖ್ಯವಾದ ಭಾಗ. ಡಿಸ್ಕ್ ಅಳಿಸುವ ಮೊದಲು ಎಲ್ಲ ಫೈಲುಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ. ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ ಸಾಲದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಎಲ್ಲ ನೋಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದೆಯಾ ಅಂತಲೂ ನೋಡಿ. ಆಗಿದ್ದರೆ ಅದರ ರಿಕವರಿ ಕೀ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಕಡೆ ಕಚೇರಿಗಳಲ್ಲಿ ಇನ್ನೊಂದು ತೊಡಕಿದೆ. ಹಳೇ ಕನ್ನಡ ಫೈಲುಗಳು. ನನಗಿಂತ ಮೊದಲಿದ್ದ ರೈಟರ್ ತುಂಬಾ ಅಚ್ಚುಕಟ್ಟಿನವರು. ಪಂಚಾಯಿತಿಗೆ ಬರೆದ ಅರ್ಜಿ, ಲೈನ್‌ಮನೆ ರಿಪೇರಿಯ ಲೆಕ್ಕ, ಕೆಲಸದವರ ಪಟ್ಟಿ, ಎಲ್ಲವನ್ನೂ ಆಗಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಆ ಕಾಲದ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ 'ಕನ್ನಡ' ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಹಣದ ಚಿಹ್ನೆ ಬರುತ್ತದೆ. ಅದೇ ಕಪಾಟಿನಲ್ಲಿರುವ ರಟ್ಟಿನ ಮಳೆ ಪುಸ್ತಕ, ಇಂಚು-ಸೆಂಟ್ ಲೆಕ್ಕದಲ್ಲಿ ಮಸಿ ಪೆನ್ನಿನಿಂದ ಬರೆದದ್ದು, ಇವತ್ತಿಗೂ ಯಾರು ಬೇಕಾದರೂ ಓದಬಹುದು. ಕಂಪ್ಯೂಟರಿನ ದಾಖಲೆಯೂ ಹಾಗೇ ಇರಬೇಕು ಅನ್ನುವುದು ನನ್ನ ಹಟ. ತೋಟದ ಲೆಕ್ಕ ತೋಟದ್ದು. ಅದನ್ನು ಓದುವುದಕ್ಕೆ ಒಂದು ಫಾಂಟಿನ, ಒಂದು ಕಂಪನಿಯ, ವರ್ಷ ವರ್ಷದ ಚಂದಾದ ಹಂಗು ಇರಬಾರದು.

ಹಾಗಾಗಿ ವಿಂಡೋಸ್ ಇರುವಾಗಲೇ ಈ ಕೆಲಸ ಮಾಡಿ. ನುಡಿ ಫೈಲ್ ತೆರೆದು ಪಿಡಿಎಫ್ ಆಗಿ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಮೂಲ ಹೇಗಿತ್ತು ಅಂತ ನೋಡಲು ಅದು ಬೇಕು. ಆಮೇಲೆ ಪಠ್ಯವನ್ನು ಕಾಪಿ ಮಾಡಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಯೂನಿಕೋಡ್ ಅಂದರೆ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ, ಆಸ್ಕಿ ಅನ್ನುವುದು ಹಳೇ ನುಡಿ, ಬರಹ ಫಾಂಟುಗಳ ಬಗೆ. ಅರವಿಂದ ವಿ.ಕೆ. ಬರೆದ ಆಸ್ಕಿ-ಯೂನಿಕೋಡ್ ಪರಿವರ್ತಕ ಮುಕ್ತ ತಂತ್ರಾಂಶ, ಚೆನ್ನಾಗಿ ಕೆಲಸ ಮಾಡುತ್ತದೆ. ಗುಬ್ಬಿ, ನವಿಲು ಅನ್ನುವ ಮುಕ್ತ ಫಾಂಟುಗಳೂ ಅವರದ್ದೇ. ಬಂದದ್ದನ್ನು ಪಿಡಿಎಫ್ ಪಕ್ಕದಲ್ಲಿಟ್ಟು ಓದಿ. ಮುಖ್ಯವಾಗಿ ಅರ್ಕಾವತ್ತಿನ ಪದಗಳನ್ನು ನೋಡಿ, ವರ್ಷ, ಮಾರ್ಚ್, ಖರ್ಚು ಇಂಥವು. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಕ್ಷರವಾಗಿ ಕಲಸಿಹೋಗಿರುತ್ತದೆ. ಗೊಬ್ಬರದ ಹೆಸರು, ಕಂಪನಿ ವಿಳಾಸ ಇರುವ ಸಾಲುಗಳನ್ನು ಕೈಯಲ್ಲೇ ತಿದ್ದಬೇಕು. ಎಲ್ಲವನ್ನೂ ಒಂದೇ ಸಲ ಮುಗಿಸಲು ಹೋಗಬೇಡಿ. ಜಮೀನು, ಕರಾರು, ಕೆಲಸದವರಿಗೆ ಸೇರಬೇಕಾದ ಹಣ, ಈ ಮೂರಕ್ಕೆ ಸಂಬಂಧಪಟ್ಟವು ಮೊದಲು.

ಡೌನ್‌ಲೋಡ್ ವಿಷಯ. ಇನ್‌ಸ್ಟಾಲ್ ಮಾಡಲು ಬೇಕಾದ ಮಿಂಟ್‌ನ ಐಎಸ್ಒ ಫೈಲ್ ಸುಮಾರು 3 ಜಿಬಿ. ಮೊಬೈಲ್ ನೆಟ್‌ನಲ್ಲಿ ಮಧ್ಯೆ ನಿಂತರೆ ಮತ್ತೆ ಮೊದಲಿಂದ ಶುರು. ಅದಕ್ಕೆ ಮಿಂಟ್‌ನವರೇ ಕೊಡುವ, ಫೈಲನ್ನು ತುಂಡು ತುಂಡಾಗಿ ಇಳಿಸುವ ಟೊರೆಂಟ್ ಬಳಸಿ. ನಿಂತ ಜಾಗದಿಂದಲೇ ಮುಂದುವರಿಯುತ್ತದೆ, ಬಂದ ತುಂಡುಗಳನ್ನು ತಾನೇ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಇಳಿಸಿಕೊಂಡು ಬನ್ನಿ. 8 ಜಿಬಿ ಪೆನ್‌ಡ್ರೈವ್ ಸಾಕು. ವಿಂಡೋಸ್‌ನಲ್ಲಿ ರೂಫಸ್ (ಐಎಸ್ಒವನ್ನು ಪೆನ್‌ಡ್ರೈವಿಗೆ ಬರೆಯುವ ತಂತ್ರಾಂಶ) ತೆರೆದು, ಐಎಸ್ಒ ಆರಿಸಿ, ಸ್ಟಾರ್ಟ್ ಒತ್ತಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತಗೊಳ್ಳಿ.

ಈ ಪೆನ್‌ಡ್ರೈವನ್ನು ಯಾರಿಗೆ ಬೇಕಾದರೂ ಕೊಡಬಹುದು. ಪಕ್ಕದ ತೋಟಕ್ಕೆ, ಶಾಲೆಗೆ, ಹೋಮ್‌ಸ್ಟೇ ನಡೆಸುವವರಿಗೆ. ಕದ್ದುಮುಚ್ಚಿ ಅಲ್ಲ, ಪರವಾನಗಿಯೇ ಹಾಗೆ ಹೇಳುತ್ತದೆ. ಬಳಸಿ, ಒಳಗೆ ಹೇಗಿದೆ ನೋಡಿ, ಬೇಕಾದಂತೆ ಬದಲಿಸಿ, ಹಂಚಿ. ನಮ್ಮ ಊರುಗಳಲ್ಲಿ ಕ್ರ್ಯಾಕ್ ಹಾಕಿದ ವಿಂಡೋಸ್ ಎಷ್ಟು ಕಚೇರಿಗಳಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಆ ಕ್ರ್ಯಾಕ್ ಒಳಗೆ ಇನ್ನೇನು ಬಂದು ಕೂತಿದೆ ಅಂತ ಯಾರಿಗೂ ಗೊತ್ತಿಲ್ಲ. ಕೂಲಿಯವರ ಆಧಾರ್ ನಂಬರ್, ಬ್ಯಾಂಕ್ ಖಾತೆ ಇಟ್ಟುಕೊಂಡಿರುವ ಯಂತ್ರದಲ್ಲಿ ಅಂಥದ್ದು ಇರಬಾರದು. ಅವರು ನಮ್ಮನ್ನು ನಂಬಿ ಕೊಟ್ಟ ವಿವರ ಅದು.

ಈಗ ಪೆನ್‌ಡ್ರೈವ್ ಹಾಕಿ ಲ್ಯಾಪ್‌ಟಾಪ್ ಆನ್ ಮಾಡಿ. ಆನ್ ಆಗುವಾಗಲೇ ಒಂದು ಕೀ ಒತ್ತುತ್ತಿರಬೇಕು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬಂದ ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ. ಮಿಂಟ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ನೀವು ಇನ್‌ಸ್ಟಾಲ್ ಒತ್ತುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಇಲ್ಲಿ ಅವಸರ ಬೇಡ. ವೈಫೈ ಬರುತ್ತಾ, ಸೌಂಡ್ ಬರುತ್ತಾ, ಟಚ್‌ಪ್ಯಾಡ್ ಸರಿಯಾಗಿದೆಯಾ, ಕ್ಯಾಮೆರಾ ಕಾಣುತ್ತಾ, ಪ್ರಿಂಟರ್ ಸಿಗುತ್ತಾ, ಒಂದೊಂದೇ ನೋಡಿ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್ ಅಂತ ಒಂದಿದೆ, ಬೇಕಾದ ಡ್ರೈವರ್ ಇದ್ದರೆ ಅದು ತೋರಿಸುತ್ತದೆ.

ಎಲ್ಲ ಸರಿ ಅನ್ನಿಸಿದರೆ ಡೆಸ್ಕ್‌ಟಾಪಿನಲ್ಲಿರುವ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್, ಆಮೇಲೆ ಡಿಸ್ಕಿನ ಪ್ರಶ್ನೆ. ಪೂರ್ತಿ ಅಳಿಸುವುದಾ, ವಿಂಡೋಸ್ ಪಕ್ಕದಲ್ಲಿ ಹಾಕುವುದಾ ಅಂತ ಕೇಳುತ್ತದೆ. ಬ್ಯಾಕಪ್ ಇದ್ದರೆ ಪೂರ್ತಿ ಅಳಿಸಿ, ಮುಂದೆ ತಲೆನೋವು ಕಮ್ಮಿ. ಸಮಯ ವಲಯಕ್ಕೆ ಕೋಲ್ಕತಾ ಆರಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಇದಕ್ಕೆಲ್ಲ ಇಂಟರ್ನೆಟ್ ಬೇಡವೇ ಬೇಡ. ನಮ್ಮ ಕಡೆಯವರು ಇದನ್ನು ಗಮನಿಸಬೇಕು. ಮನೆ ಬಳಕೆಯ ವಿಂಡೋಸ್ 11 ಮೊದಲ ಸಲ ಆನ್ ಮಾಡುವಾಗಲೇ ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಟವರ್ ಬಿದ್ದ ಊರಿನಲ್ಲಿ ನಮ್ಮದೇ ದುಡ್ಡಿನ ಯಂತ್ರ ತೆರೆಯಲು ಇನ್ನೊಬ್ಬರ ಸರ್ವರ್ ಒಪ್ಪಬೇಕು ಅಂದರೆ ಹೇಗೆ?

ಕನ್ನಡ ಟೈಪಿಂಗ್ ಸುಲಭ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ ಅನ್ನುವ ಭಾಗ ತೆರೆದು 'ಕನ್ನಡ, ಕಗಪ' ಲೇಔಟ್ ಸೇರಿಸಿ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಕೈ ಪಳಗಿದವರು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರಕ್ಕೆ ಅದೇ ಎಫ್. ಬದಲಾಯಿಸುವ ಕೀಯನ್ನೂ ಅಲ್ಲೇ ಇಟ್ಟುಕೊಳ್ಳಿ. ಹೀಗೆ ಬರೆದದ್ದು ಯೂನಿಕೋಡ್. ಫೋನಿನಲ್ಲೂ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ.

ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಜೊತೆಯಲ್ಲೇ ಬಂದಿರುತ್ತದೆ. ಹಳೇ ಎಕ್ಸೆಲ್ ಶೀಟುಗಳು ಅದರಲ್ಲಿ ತೆರೆಯುತ್ತವೆ. ಮ್ಯಾಕ್ರೋ ಇರುವ ಶೀಟ್‌ಗಳನ್ನು ಮಾತ್ರ ಒಮ್ಮೆ ಪರೀಕ್ಷಿಸಿ. ಹೊಸದನ್ನು ಓಪನ್ ಡಾಕ್ಯುಮೆಂಟ್ ನಮೂನೆಯಲ್ಲೇ ಉಳಿಸಿ. 2006ರಲ್ಲೇ ಅದು ಐಎಸ್ಒ ಸಂಸ್ಥೆಯ ಅಂತರರಾಷ್ಟ್ರೀಯ ಮಾನದಂಡವಾಗಿದೆ. ಹೇಗೆ ಓದಬೇಕು ಅನ್ನುವುದು ಎಲ್ಲರಿಗೂ ತೆರೆದಿದೆ. ಮಳೆ ಲೆಕ್ಕ ನಾನು ಇನ್ನೂ ಸರಳವಾಗಿ, ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯ) ಇಡುತ್ತೇನೆ. ತಾರೀಕು, ಇಂಚು, ಷರಾ, ಮೂರೇ ಕಾಲಮ್ಮು. ಹೂಮಳೆ ಎಷ್ಟು ಬಿತ್ತು, ಹೂ ಬಿಟ್ಟ ಮೇಲೆ ಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು ಅಂತ ವರ್ಷಗಳ ಮೇಲೆ ಹೋಲಿಸಿ ನೋಡಬೇಕಾದರೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಪ್ರಿಂಟರ್ ಬಗ್ಗೆ ಎರಡು ಮಾತು. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳು ಸೀದಾ ಕೆಲಸ ಮಾಡುತ್ತವೆ, ಲಿನಕ್ಸಿಗೆ ಆ ಕಂಪನಿಯೇ ಡ್ರೈವರ್ ಕೊಡುತ್ತದೆ. ಕೆಲವು ಲೇಸರ್ ಪ್ರಿಂಟರುಗಳಿಗೆ ಕಂಪನಿಯ ಜಾಲತಾಣದಿಂದ ಡ್ರೈವರ್ ಇಳಿಸಬೇಕಾಗುತ್ತದೆ. ಮುಕ್ತ ತಂತ್ರಾಂಶದ ಚಳವಳಿಯ ಬೇರಿನಲ್ಲೂ ಒಂದು ಪ್ರಿಂಟರ್ ಇದೆ. ಅಮೆರಿಕದ ಎಂಐಟಿಯ ಲ್ಯಾಬಿನಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿದ್ದ ಪ್ರಿಂಟರಿನ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್ಮನ್ ಹೊರಟರು. ಅದರ ಮೂಲ ಕೋಡ್ ಇಟ್ಟುಕೊಂಡಿದ್ದವರು ಅದನ್ನು ಅವರಿಗೆ ಕೊಡಲು ನಿರಾಕರಿಸಿದರು. 1983ರಲ್ಲಿ ಸ್ಟಾಲ್ಮನ್, ಪೂರ್ತಿ ಮುಕ್ತವಾದ ವ್ಯವಸ್ಥೆ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಅದರ ಜೊತೆ ಸೇರಿ ನಾವು ಈಗ ಬಳಸುವ ವ್ಯವಸ್ಥೆ ಆಯಿತು. ನಮ್ಮ ವಸ್ತು ಕೆಟ್ಟರೆ ನಾವೇ ಬಿಚ್ಚಿ ನೋಡುವ ಹಕ್ಕು. ಪಲ್ಪರ್, ಸ್ಪ್ರೇಯರ್ ಬಿಚ್ಚಿ ಜೋಡಿಸುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗಾಲದ ಬಳಕೆಗೆ ಇನ್ನೆರಡು ಕೆಲಸ. ಮಿಂಟ್ ಜೊತೆಯಲ್ಲೇ ಬರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಯುವಂತೆ ಇಡಿ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಬರಬಹುದು. ಆದರೆ ಅದು ಕಾಯುವುದು ವ್ಯವಸ್ಥೆಯನ್ನು ಮಾತ್ರ. ನಿಮ್ಮ ಫೈಲುಗಳಿಗೆ ಹೊರಗಿನ ಡಿಸ್ಕ್ ಬೇಕೇ ಬೇಕು, ಅದನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಅಪ್‌ಡೇಟ್ ಮ್ಯಾನೇಜರ್ ನೆಟ್ ಬಂದಾಗ ತಿಳಿಸುತ್ತದೆ. ನೀವು ಒತ್ತಿದಾಗ ಹಾಕಿಕೊಳ್ಳುತ್ತದೆ. ಬಟವಾಡೆ ದಿನ ಲೆಕ್ಕ ಮಾಡುತ್ತಿರುವಾಗ ತಾನೇ ರೀಸ್ಟಾರ್ಟ್ ಆಗುವುದಿಲ್ಲ.

ಒಂದು ಕಡೆ ಮಾತ್ರ ಹುಷಾರು. ಟ್ಯಾಲಿ ಬಳಸುವವರು ಇದ್ದ ಒಂದೇ ಯಂತ್ರವನ್ನು ಅಳಿಸಬೇಡಿ, ಅದು ವಿಂಡೋಸಿಗೆ ಮಾಡಿದ ತಂತ್ರಾಂಶ. ಡಿಜಿಟಲ್ ಸಹಿಯ ಡಾಂಗಲ್ ಬಳಸುವುದಾದರೆ ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ಕೇಳಿ. ಜಿಎಸ್‌ಟಿ ಜಾಲತಾಣ ಫೈರ್‌ಫಾಕ್ಸ್‌ನಲ್ಲಿ ತೆರೆಯುತ್ತದೆ, ಒಟಿಪಿ ಮೂಲಕ ಸಲ್ಲಿಸುವವರಿಗೆ ತೊಂದರೆಯಿಲ್ಲ. ಟ್ಯಾಲಿ ಬಿಡಲು ಆಗದವರು ಲೆಕ್ಕಿಗರ ಕಡೆಯ ಒಂದು ಯಂತ್ರವನ್ನು ಬೆಂಬಲವಿರುವ ವಿಂಡೋಸ್‌ನಲ್ಲಿ ಉಳಿಸಿಕೊಂಡು, ಚೆಕ್‌ರೋಲ್, ಪತ್ರ, ಸ್ಟಾಕು ನಡೆಯುವ ಲ್ಯಾಪ್‌ಟಾಪುಗಳಿಗೆ ಮಿಂಟ್ ಹಾಕಿ. ಸಣ್ಣ ತೋಟದವರು ಗ್ನೂಕ್ಯಾಶ್ ಅನ್ನುವ ಮುಕ್ತ ಲೆಕ್ಕಪತ್ರ ತಂತ್ರಾಂಶ ನೋಡಬಹುದು. ಹೊಸ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದರಿಂದ, ಅದಕ್ಕೆ ಬದಲಾಯಿಸುವುದಿದ್ದರೆ ಮಾರ್ಚ್ ಕೊನೆಯ ಬಾಕಿಗಳನ್ನು ತಂದು ಅಲ್ಲಿಂದಲೇ ಹೊಸ ಪುಸ್ತಕ ತೆರೆಯಿರಿ.