ಮಾರ್ಬಲ್ ಕಟ್ಟೆಗೆ ನಿಂಬೆಹಣ್ಣು ಹಚ್ಚಬೇಡಿ
ನಮ್ಮ ವಿಜಯಪುರದ ಬೋರ್‌ವೆಲ್ ನೀರು ಗಡಸು. ಬಚ್ಚಲುಮನೆಯ ಬೇಸಿನ್ ಸುತ್ತ ಬಿಳಿ ಕಲೆ ಕಂಡ ಕೂಡಲೇ ನಿಂಬೆಹಣ್ಣು, ಹುಣಸೆಹಣ್ಣು ಹಚ್ಚಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕಲ್ಲೇ ಸವೆಯುತ್ತದೆ. ನಮ್ಮ ಮನೆಯಲ್ಲಿ ನಿಂಬೆಹೋಳು ಇಟ್ಟಿದ್ದ ಜಾಗದಲ್ಲಿ ದುಂಡನೆಯ ಮಬ್ಬು ಗುರುತು ಇಂದಿಗೂ ಇದೆ, ಪಾಲಿಶ್ ಮಾಡಿಸದೆ ಅದು ಹೋಗುವುದಿಲ್ಲ.

ತಲೆಗೆ ಹಚ್ಚುವ ಎಣ್ಣೆಯ ಕಲೆಗೆ ಅಡುಗೆ ಸೋಡಾ ಸಾಕು. ರೊಟ್ಟಿ ಹಿಟ್ಟಿಗಿಂತ ತುಸು ಸಡಿಲವಾಗಿ ನೀರಿನಲ್ಲಿ ಕಲಸಿ, ಬೆರಳಿನಷ್ಟು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ 24 ಗಂಟೆ ಬಿಡಿ. ನಂತರ ಹಾಳೆ ತೆಗೆದು ಪೂರ್ತಿ ಒಣಗಲಿ. ಒಣಗುತ್ತ ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು, ಬೇಸರಿಸಬೇಡಿ. ನೀರಿನ ಕಲೆಗೆ ನಾನು ಕಂಡ ದಾರಿ ಒಂದೇ: ಮುಖ ತೊಳೆದ ಮೇಲೆ ಕಟ್ಟೆಯನ್ನೂ ಒಣಬಟ್ಟೆಯಿಂದ ಒರೆಸುವುದು.