ಗರ್ಭಿಣಿಯ ಖಿನ್ನತೆ, ಮಾತ್ರೆ, ಮಗುವಿನ ಆಟಿಸಂ: ಇಂಥ ಸಂಶೋಧನೆಯ ಸುದ್ದಿ ಓದುವುದು ಹೇಗೆ

ನನ್ನ ಮಗನಿಗೆ ಆಟಿಸಂ ಇದೆ. ಅವನು ಹೊಟ್ಟೆಯಲ್ಲಿದ್ದಾಗ ನಾನು ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದೆ. ಈ ಎರಡೂ ಗೊತ್ತಿರುವ ನೆಂಟರು ಆಗಾಗ ನನಗೆ ಸುದ್ದಿಯ ಲಿಂಕ್ ಕಳಿಸುತ್ತಾರೆ. ಗರ್ಭಿಣಿ ಇಂಥ ಮಾತ್ರೆ ತಗೊಂಡರೆ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಇಷ್ಟು ಜಾಸ್ತಿ ಅಂತ. ಜೊತೆಗೆ ಒಂದು ಮಾತೂ ಬರೆದಿರುವುದಿಲ್ಲ. ಹೇಳಬೇಕಾದ್ದನ್ನು ಲಿಂಕೇ ಹೇಳುತ್ತದಲ್ವಾ!

ನಾನು ಡಾಕ್ಟರಲ್ಲ, ಆಡಿಟ್ ಮಾಡುವವಳು. ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಅಧ್ಯಕ್ಷರ ಮಾತನ್ನು ಕೊನೆಗೆ ಓದುತ್ತೇವೆ, ಅಂಕಿಗಳನ್ನು ಮೊದಲು. ಸಂಶೋಧನಾ ಪೇಪರನ್ನೂ ನಾನು ಹಾಗೇ ಓದುತ್ತೇನೆ. ನೀವೂ ಓದಬಹುದು.

ಮೊದಲು ಸುದ್ದಿಯನ್ನು ಪಕ್ಕಕ್ಕಿಟ್ಟು ಮೂಲ ಪೇಪರ್ ಹುಡುಕಿ. ಸುದ್ದಿಯೊಳಗೆ ಎಲ್ಲೋ ಒಂದು ಕಡೆ ಜರ್ನಲ್ ಹೆಸರು ಇರುತ್ತದೆ. ಅದನ್ನೂ ವಿಷಯವನ್ನೂ ಪಬ್‌ಮೆಡ್ ಅನ್ನೋ ವೈದ್ಯಕೀಯ ಪೇಪರುಗಳ ಜಾಲತಾಣದಲ್ಲಿ ಹಾಕಿದರೆ ಸಾಮಾನ್ಯವಾಗಿ ಸಾರಾಂಶ ಪುಕ್ಕಟೆ ಸಿಗುತ್ತದೆ. ಪ್ರಯೋಗ ಇಲಿಗಳ ಮೇಲೆ ಮಾಡಿದ್ದಾದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಆಮೇಲೆ ಶೇಕಡಾ ಲೆಕ್ಕವನ್ನು ತಲೆ ಲೆಕ್ಕಕ್ಕೆ ಇಳಿಸಿ. 2015ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಒಂದು ಅಧ್ಯಯನ ಬಂತು. ಗರ್ಭದ ನಾಲ್ಕನೇ ತಿಂಗಳಿನಿಂದಾಚೆಗೆ ಖಿನ್ನತೆಯ ಮಾತ್ರೆ ತಗೊಂಡವರ ಮಕ್ಕಳಲ್ಲಿ ಆಟಿಸಂ ಅಪಾಯ 87% ಜಾಸ್ತಿ ಅಂತ ಎಲ್ಲ ಕಡೆ ಸುದ್ದಿಯಾಯಿತು. ನಮ್ಮ ನೆಂಟರ ತನಕ ಬಂತು ಅಂದಮೇಲೆ ಲೆಕ್ಕ ಹಾಕಿ. ಪೇಪರಿನೊಳಗೆ ಇರುವುದು ಇಷ್ಟು: ಒಟ್ಟು ಮಕ್ಕಳು 1,45,456. ಆಟಿಸಂ ಗುರುತಾದವರು 1,054, ಅಂದರೆ ನೂರಕ್ಕೆ 0.7. ಆ ತಿಂಗಳುಗಳಲ್ಲಿ ಮಾತ್ರೆ ತಗೊಂಡ ತಾಯಂದಿರ ಮಕ್ಕಳು 2,532. ಅವರಲ್ಲಿ ಆಟಿಸಂ ಗುರುತಾದವರು 31, ನೂರಕ್ಕೆ 1.2. ಬಾಕಿ 2,501 ಮಕ್ಕಳಲ್ಲಿ ಗುರುತಾಗಿರಲಿಲ್ಲ. 87% ಅಂದಾಗ ಎದೆ ಧಸಕ್ಕೆನ್ನುತ್ತದೆ. 31 ಮಕ್ಕಳು ಅಂದಾಗ ಯೋಚನೆ ಮಾಡಲು ಜಾಗ ಸಿಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಸಮಯ ಇಲ್ಲದಿದ್ದರೆ ಇದೊಂದನ್ನೇ ನೋಡಿ: ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ?

ಖಿನ್ನತೆಯ ಮಾತ್ರೆ ತಗೊಳ್ಳುವವರಿಗೆ ಸಾಮಾನ್ಯವಾಗಿ ಖಿನ್ನತೆ ಇರುತ್ತದೆ. ತಗೊಳ್ಳದವರಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ. ಖಿನ್ನತೆಯಲ್ಲೂ ಆಟಿಸಂನಲ್ಲೂ ಜೀನ್‌ಗಳ ಪಾತ್ರ ಇದೆ, ಮತ್ತು ಆ ಎರಡು ಗುಂಪಿನ ಜೀನ್‌ಗಳಲ್ಲಿ ಕೆಲವು ಒಂದೇ. ಹಾಗಾಗಿ ಅವೇ ಜೀನ್‌ಗಳು ತಾಯಿಯ ಮನಸ್ಸನ್ನು ಕುಗ್ಗಿಸಿರಬಹುದು, ಮಗುವಿಗೂ ದಾಟಿರಬಹುದು. ಮಾತ್ರೆ ಸುಮ್ನೆ ಪಕ್ಕದಲ್ಲಿದ್ದಿರಬಹುದು ಅಷ್ಟೇ. ಈ ಎರಡು ಗುಂಪುಗಳನ್ನು ನೇರವಾಗಿ ಹೋಲಿಸಿ ತಪ್ಪನ್ನು ಮಾತ್ರೆಯ ಖಾತೆಗೆ ಹಾಕುವುದನ್ನು ಯಾವ ಆಡಿಟರೂ ಒಪ್ಪುವುದಿಲ್ಲ.

ಇದನ್ನು ಬಿಡಿಸಲು ಸಂಶೋಧಕರು ಕಂಡುಕೊಂಡ ಒಳ್ಳೆಯ ದಾರಿ ಒಡಹುಟ್ಟಿದವರ ಹೋಲಿಕೆ. ತಾಯಿ ಅದೇ, ಮನೆ ಅದೇ. ಒಂದು ಬಸಿರಿನಲ್ಲಿ ಮಾತ್ರೆ ತಗೊಂಡಿದ್ದಳು, ಇನ್ನೊಂದರಲ್ಲಿ ಇಲ್ಲ. ಆ ಮಕ್ಕಳ ನಡುವೆ ವ್ಯತ್ಯಾಸ ಇದೆಯಾ? ಸ್ವೀಡನ್‌ನಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಇಟ್ಟುಕೊಂಡು ಹೀಗೆ ನೋಡಿದರು. 2017ರಲ್ಲಿ ಪ್ರಕಟವಾಯಿತು. ಸಾದಾ ಹೋಲಿಕೆಯಲ್ಲಿ ಅಪಾಯ ಸುಮಾರು ಎರಡು ಪಟ್ಟು ಕಾಣಿಸಿತ್ತು. ಒಡಹುಟ್ಟಿದವರನ್ನು ಹೋಲಿಸಿದಾಗ ಆ ಹೆಚ್ಚಳ ಮಾಯ. ಪ್ಯಾರಾಸಿಟಮಾಲ್ ವಿಷಯದಲ್ಲೂ ಹೀಗೇ ಆಯಿತು. ಸ್ವೀಡನ್‌ನದೇ 2024ರ ಅಧ್ಯಯನ, 24 ಲಕ್ಷಕ್ಕೂ ಹೆಚ್ಚು ಮಕ್ಕಳು. ಮೊದಲು ಸಣ್ಣ ವ್ಯತ್ಯಾಸ ಇತ್ತು, ಒಡಹುಟ್ಟಿದವರ ಹೋಲಿಕೆಯಲ್ಲಿ ಅದೂ ಉಳಿಯಲಿಲ್ಲ. ಹಾಗಾಗಿ ಪೇಪರ್ ತೆರೆದ ಕೂಡಲೇ ‘ಸಿಬ್ಲಿಂಗ್’ ಅನ್ನೋ ಪದ ಹುಡುಕಿ. ಅಪ್ಪ ಮಾತ್ರೆ ತಗೊಂಡಿದ್ದರೆ ಏನಾಯಿತು ಅಂತ ನೋಡಿದ್ದರೆ ಅದೂ ಒಳ್ಳೆಯ ಲಕ್ಷಣ. ಅಪ್ಪನ ಮಾತ್ರೆ ಗರ್ಭಕ್ಕೆ ಹೋಗುವುದಿಲ್ಲವಲ್ಲ. ಅಲ್ಲೂ ಆಟಿಸಂ ಜಾಸ್ತಿ ಕಂಡರೆ ಕಾರಣ ಬಹುಶಃ ಮನೆತನದಲ್ಲೇ ಇದೆ.

ಈ ವಿಧಾನವೂ ಪರಿಪೂರ್ಣ ಅಲ್ಲ. ಎರಡು ಬಸಿರಿನ ನಡುವೆ ತಾಯಿ ಮಾತ್ರೆ ಯಾಕೆ ಬಿಟ್ಟಳು, ಯಾಕೆ ಶುರು ಮಾಡಿದಳು ಅನ್ನೋದು ಬೇರೆಯೇ ಕಥೆ. ಅಂಥ ಕುಟುಂಬಗಳೂ ಕಮ್ಮಿ. ಅದಕ್ಕೇ ಬರೀ ಅಂಕಿ ನೋಡದೆ ಅದರ ಪಕ್ಕದ ಬ್ರಾಕೆಟ್ಟನ್ನೂ ನೋಡಿ. ನಿಜವಾದ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನೋದು ಅಲ್ಲಿರುತ್ತದೆ. ಕೆನಡಾದ ಒಂಟಾರಿಯೊದ 2017ರ ಅಧ್ಯಯನದಲ್ಲಿ ಒಡಹುಟ್ಟಿದವರ ಹೋಲಿಕೆಯ ಫಲಿತಾಂಶ 1.60, ಅಂದರೆ ಅಪಾಯ 1.6 ಪಟ್ಟು. ಬ್ರಾಕೆಟ್ಟಿನಲ್ಲಿ 0.69ರಿಂದ 3.74. ಒಂದು ಅಂದರೆ ವ್ಯತ್ಯಾಸ ಇಲ್ಲ ಅಂತ. ಅದು ಈ ಹರವಿನೊಳಗೇ ಇದೆ. ಅಂದರೆ ಇಷ್ಟು ಮಕ್ಕಳಿಂದ ಯಾವ ಕಡೆಗೂ ಖಚಿತವಾಗಿ ಹೇಳಲಾಗದು.

ತಾಯಿಯ ಖಿನ್ನತೆಯನ್ನು ಯಾವಾಗ ಅಳೆದರು ಅಂತಲೂ ನೋಡಿ. ಮಗುವಿಗೆ ಆಟಿಸಂ ಅಂತ ಗೊತ್ತಾದ ಮೇಲೆ ಅಳೆದಿದ್ದರೆ ಕಾರಣ ಯಾವುದು, ಪರಿಣಾಮ ಯಾವುದು ಅನ್ನೋ ಬಾಣ ಉಲ್ಟಾ ಇರಬಹುದು. ನಿದ್ದೆ ಇಲ್ಲ, ಸಹಾಯಕ್ಕೆ ಒಬ್ಬರೂ ಇಲ್ಲ, ಮೇಲಿಂದ ಲಿಂಕುಗಳು ಬೇರೆ. ಮನಸ್ಸು ಕುಗ್ಗದೆ ಇನ್ನೇನು?

ತಾಯಿಯತ್ತಲೇ ಬೊಟ್ಟು ಮಾಡುವ ಚಾಳಿ ಹಳೆಯದು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದಾಗಲೇ ಅಪ್ಪ ಅಮ್ಮಂದಿರಲ್ಲಿ ಪ್ರೀತಿ ಕಮ್ಮಿ ಅನ್ನೋ ಅನುಮಾನ ಸೇರಿಕೊಂಡಿತ್ತು. ಅಮೆರಿಕದ ಲೇಖಕ ಬ್ರೂನೋ ಬೆಟಲ್‌ಹೈಮ್ ಅದನ್ನು 1960ರ ದಶಕದಲ್ಲಿ ಮನೆಮನೆಗೆ ಮುಟ್ಟಿಸಿದರು. ಅದೇ ದಶಕದಲ್ಲಿ ಬರ್ನಾರ್ಡ್ ರಿಮ್ಲೆಂಡ್ ಇದು ದೇಹದ ವಿಷಯ, ಪ್ರೀತಿಯ ಕೊರತೆ ಅಲ್ಲ ಅಂತ ವಾದಿಸಿದರು. ಅವರು ಮನಶ್ಶಾಸ್ತ್ರಜ್ಞರು, ಆಟಿಸಂ ಇದ್ದ ಮಗನ ಅಪ್ಪ ಕೂಡ. 1977ರಲ್ಲಿ ಮನೋವೈದ್ಯರಾದ ಸುಸಾನ್ ಫೋಲ್‌ಸ್ಟೈನ್, ಮೈಕಲ್ ರಟರ್ 21 ಜೋಡಿ ಅವಳಿಗಳನ್ನು ನೋಡಿ ಜೀನ್‌ಗಳ ಪಾತ್ರ ತೋರಿಸಿದರು.

ಜೀನ್ ಸುದ್ದಿಯನ್ನೂ ಇಷ್ಟೇ ಹುಷಾರಾಗಿ ಓದಬೇಕು. 2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ಅಧ್ಯಯನ ಆಟಿಸಂನ ಹೆರಿಟೆಬಿಲಿಟಿ ಸುಮಾರು 80% ಅಂದಿತು. ಹಾಗಂದರೆ ನನ್ನ ಮಗನ ಆಟಿಸಂನಲ್ಲಿ 80 ಪಾಲು ಜೀನ್ ಅಂತಲ್ಲ. ಜನರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್ ವ್ಯತ್ಯಾಸದಿಂದ ಅಂತ. ಒಬ್ಬ ವ್ಯಕ್ತಿಗೆ ಆ ಅಂಕಿ ಹೊಂದುವುದೇ ಇಲ್ಲ. ಆಟಿಸಂಗೆ ‘ಆ ಜೀನ್’ ಅನ್ನೋದೂ ಇಲ್ಲ. 2020ರ ಒಂದೇ ಅಧ್ಯಯನ 102 ಜೀನ್‌ಗಳನ್ನು ಹೆಸರಿಸಿತು. ಕೆಲವು ಬದಲಾವಣೆಗಳು ತಾಯಿಯಲ್ಲೂ ಇರುವುದಿಲ್ಲ, ತಂದೆಯಲ್ಲೂ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಬರುತ್ತವೆ. ಐಸ್‌ಲ್ಯಾಂಡ್‌ನ 2012ರ ಅಧ್ಯಯನದ ಪ್ರಕಾರ ಅಪ್ಪನ ವಯಸ್ಸು ಒಂದೊಂದು ವರ್ಷ ಏರಿದಂತೆ ಇಂಥ ಹೊಸ ಬದಲಾವಣೆಗಳು ಸುಮಾರು ಎರಡರಂತೆ ಹೆಚ್ಚುತ್ತವೆ. ಈ ಲಿಂಕನ್ನು ಮಾತ್ರ ನನಗೆ ಯಾರೂ ಕಳಿಸಿಲ್ಲ.

ಕೊನೆಗೆ ಮಾತ್ರೆ. ಸುದ್ದಿ ಓದಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚಿಕಿತ್ಸೆ ಇಲ್ಲದ ಖಿನ್ನತೆಯೂ ಗರ್ಭಿಣಿಗೆ, ಮಗುವಿಗೆ ಅಪಾಯವೇ. ಹಾಗಂತ ಎಲ್ಲ ಔಷಧಕ್ಕೂ ಒಂದೇ ಉತ್ತರ ಇಲ್ಲ. ಮೂರ್ಛೆರೋಗಕ್ಕೂ, ಮನಸ್ಸು ಅತಿಯಾಗಿ ಏರಿಳಿಯುವ ಬೈಪೋಲಾರ್ ಕಾಯಿಲೆಗೂ ಕೊಡುವ ವಾಲ್‌ಪ್ರೊಯೇಟ್ ವಿಷಯದಲ್ಲಿ ಅಪಾಯ ನಿಜ. ಡೆನ್ಮಾರ್ಕ್‌ನ 2013ರ ಅಧ್ಯಯನದಲ್ಲಿ ಅದನ್ನು ತಗೊಂಡವರ ಮಕ್ಕಳಲ್ಲಿ ಆಟಿಸಂ ನೂರಕ್ಕೆ 4.4, ಒಟ್ಟಾರೆ ಮಕ್ಕಳಲ್ಲಿ 1.5. ಮೂರ್ಛೆರೋಗ ಇದ್ದ ತಾಯಂದಿರನ್ನೇ ತಮ್ಮತಮ್ಮಲ್ಲಿ ಹೋಲಿಸಿದಾಗಲೂ ವ್ಯತ್ಯಾಸ ಉಳಿಯಿತು. ಮಗುವಿನ ಬೆನ್ನುಹುರಿಯ ದೋಷಕ್ಕೂ ಅದು ಕಾರಣವಾಗಬಹುದು. ನೀವು ಅದನ್ನು ತಗೊಳ್ಳುತ್ತಿದ್ದು ಮಗು ಬೇಕು ಅಂದುಕೊಂಡಿದ್ದರೆ ಈಗಲೇ ಡಾಕ್ಟರ ಹತ್ತಿರ ಹೋಗಿ. ಬಸಿರಾದ ಮೇಲೆ ಗೊತ್ತಾದರೂ ಸರಿ, ಕೂಡಲೇ ಹೋಗಿ. ಔಷಧದ ಹೆಸರು, ಡೋಸು, ಹಿಂದೆ ಬಿಟ್ಟಾಗ ಏನಾಗಿತ್ತು ಅನ್ನೋದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬದಲಿ ಏನಿದೆ, ಬದಲಾಯಿಸಲು ಎಷ್ಟು ವಾರ ಬೇಕು, ಆ ಮಧ್ಯೆ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ. ಉತ್ತರವನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.